ಮಂಡಿ ಆಪರೇಷನ್‌ಗೆ ಮುಂಚೆನೇ ಫಿಸಿಯೋ ಹತ್ತಿರ ಹೋಗಬೇಕಾ?

ತೋಟದಮನೆ, ಗುಬ್ಬಿ:
ನಮ್ಮ ಅಮ್ಮನಿಗೆ 64 ವರ್ಷ. ಎರಡೂ ಮಂಡಿ ಸವೆದಿವೆ, ಬಲಗಡೆಯದು ಜಾಸ್ತಿ. ತುಮಕೂರಿನಲ್ಲಿ ಬಲ ಮಂಡಿ ಬದಲಾಯಿಸಲು ದಿನ ಕೊಟ್ಟಿದ್ದಾರೆ, ಇನ್ನೂ ಐದು ವಾರ ಇದೆ. ಈಗಲೇ ಒಂದು ಸಲ ಫಿಸಿಯೋಗೆ ತೋರಿಸಿ ಅಂತ ಡಾಕ್ಟರು ಚೀಟಿ ಬರೆದುಕೊಟ್ಟರು. ಅಮ್ಮ ಒಪ್ಪುತ್ತಿಲ್ಲ. "ಕೊಯ್ದ ಮೇಲೆ ತಾನೇ ಅದೆಲ್ಲ? ನಡೆಯೋಕೇ ಆಗ್ತಿಲ್ಲ, ವ್ಯಾಯಾಮ ಬೇರೆ ಮಾಡಿಸ್ತೀಯಾ" ಅಂತಾರೆ. ಬಸ್ಸಲ್ಲಿ ಕರೆದುಕೊಂಡು ಹೋಗಿ ಬರೋದೇ ಒಂದು ದಿನದ ಕೆಲಸ. ಅಲ್ಲಿ ಏನು ನೋಡುತ್ತಾರೆ? ಸುಮ್ನೆ ಬಿಟ್ಟರೆ ಏನಾಗುತ್ತೆ? ಗೊತ್ತಿರುವವರು ಹೇಳಿ.

ಫಿಸಿಯೋ, ತುಮಕೂರು:
ಕರೆದುಕೊಂಡು ಬನ್ನಿ, ದಿನ ದಂಡ ಆಗಲ್ಲ. ಮಂಡಿ ಎಷ್ಟು ಡಿಗ್ರಿ ಮಡಚುತ್ತೆ, ಪೂರ್ತಿ ನೆಟ್ಟಗಾಗುತ್ತಾ ಅಂತ ಅಳೆಯುತ್ತೇವೆ. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರೋಕೆ ಎಷ್ಟು ಸೆಕೆಂಡ್ ಬೇಕು ಅಂತ ನೋಡುತ್ತೇವೆ. 12 ಸೆಕೆಂಡ್ ದಾಟಿದರೆ ಬೀಳುವ ಭಯ ಇದೆ ಅಂತ ಲೆಕ್ಕ. ಮನೆಗೆ ಎಷ್ಟು ಮೆಟ್ಟಿಲು, ಟಾಯ್ಲೆಟ್ ಕುಕ್ಕರಗಾಲಲ್ಲಿ ಕೂರೋದಾ ಕಮೋಡಾ, ಜೊತೆಗೆ ಯಾರಿರುತ್ತಾರೆ, ಇದೆಲ್ಲ ಕೇಳುತ್ತೇವೆ.

ವರ್ಷಗಟ್ಟಲೆ ನೋವಿದ್ದ ಕಾಲನ್ನು ಯಾರೂ ಸರಿಯಾಗಿ ಊರಲ್ಲ. ತೊಡೆ ಸೋತುಹೋಗಿರುತ್ತೆ. ಆಪರೇಷನ್ ಆದಮೇಲೆ ಕೆಲವು ವಾರ ಇನ್ನೂ ಸೋಲುತ್ತೆ. ಆಗ ನೋವಲ್ಲಿ ಹೊಸದಾಗಿ ಕಲಿಯೋದು ಕಷ್ಟ, ಈಗ ಕಲಿತದ್ದು ಆಗ ನೆನಪಿಗೆ ಬರುತ್ತೆ. ಸುಳ್ಳು ಹೇಳಲ್ಲ, ಆರು ತಿಂಗಳಾದ ಮೇಲೆ ನೋಡಿದರೆ ಮುಂಚೆ ಮಾಡಿದವರಿಗೂ ಮಾಡದವರಿಗೂ ಅಂಥ ವ್ಯತ್ಯಾಸ ಕಾಣಲ್ಲ, ಲಾಭ ಇರೋದು ಮೊದಲ ಕೆಲವು ವಾರಗಳಲ್ಲೇ, ಆದರೆ ಕಷ್ಟ ಇರೋದೂ ಆ ವಾರಗಳಲ್ಲೇ ಅಲ್ವಾ?

ಮನೆಯಲ್ಲಿ ಇವತ್ತೇ ಶುರು ಮಾಡಿ. ಕಾಲು ಚಾಚಿ, ಮಂಡಿ ಕೆಳಗೆ ಸುತ್ತಿದ ಟವಲ್ ಇಟ್ಟು, ಅದನ್ನು ಕೆಳಗೆ ಒತ್ತಿ ಐದು ಎಣಿಸಿ ಬಿಡಬೇಕು. ಹತ್ತು ಸಲ. ಚಿಪ್ಪಿನ ಮೇಲ್ಗಡೆ ಅಮ್ಮನ ಕೈಯನ್ನೇ ಇಡಿಸಿ, ಮಾಂಸ ಗಟ್ಟಿಯಾಗೋದು ಅವರಿಗೇ ಗೊತ್ತಾಗಬೇಕು. ನೋವು ಜಾಸ್ತಿಯಾದರೆ ನಿಲ್ಲಿಸಿ.

ಸಿರಾ ಕಡೆಯವನು:
ನಮ್ಮದು ಮಂಡಿ ಅಲ್ಲ, ಅಪ್ಪನ ಹೊಟ್ಟೆ ಆಪರೇಷನ್. ಬೀಡಿ ಸೇದುತ್ತಿದ್ದರು. ಒಂದು ತಿಂಗಳ ಮುಂಚೆನೇ ಬಿಡಿಸಿ ಮೂರು ಚೆಂಡಿನ ಉಸಿರಿನ ಡಬ್ಬಿ ಕೊಟ್ಟರು. ಅಪ್ಪ ಅದನ್ನು ಪೀಪಿ ಥರ ಊದುತ್ತಿದ್ದರು! ಒಳಗೆ ಎಳೀಬೇಕು ಅಂತ ಫಿಸಿಯೋ ಪಕ್ಕದಲ್ಲಿ ಕೂತು ಕಲಿಸಿದರು. ಹೊಟ್ಟೆಗೆ ದಿಂಬು ಅವುಚಿಕೊಂಡು ಕೆಮ್ಮೋದನ್ನೂ ಹೇಳಿಕೊಟ್ಟರು. ಹಿಂದೆ ನಮ್ಮ ಚಿಕ್ಕಪ್ಪನಿಗೆ ಬೇರೆ ಕಡೆ ಆಪರೇಷನ್ ಆದಾಗ ಇದನ್ನೆಲ್ಲ ಯಾರೂ ಹೇಳಿರಲಿಲ್ಲ. ಹೊಲಿಗೆ ಬಿಟ್ಟೀತು ಅಂತ ಹೆದರಿ ಕೆಮ್ಮದೇ ಇದ್ದರು, ಕಫ ಕಟ್ಟಿ ನ್ಯುಮೋನಿಯಾ ಆಗಿ ಇನ್ನೂ ಹನ್ನೊಂದು ದಿನ ವಾರ್ಡಲ್ಲೇ ಮಲಗಿದರು. ಆ ದಿನಗಳು ಇನ್ನೂ ಮರೆತಿಲ್ಲ. ದಯವಿಟ್ಟು ಹೋಗಿ ಬನ್ನಿ.

ಕುಣಿಗಲ್ ಆಂಟಿ:
ನನ್ನ ಎಡ ಮಂಡಿ ಆಗಿ ಎರಡು ವರ್ಷವಾಯಿತು ಕಣಮ್ಮ. ಆಪರೇಷನ್ ಮಾರನೇ ದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ಮುಂಚೆನೇ ಮನೆಯಲ್ಲಿ ವಾಕರ್ ಹಿಡಿದು ಓಡಾಡಿದ್ದೆ, ಅದಕ್ಕೆ ಕೈಕಾಲು ನಡುಗಲಿಲ್ಲ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ವಾಕರ್ ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಆಮೇಲೆ ಒಂದು ಮಾತು, ಆಪರೇಷನ್ ಆದಮೇಲೆ ಹಾಯಾಗಿರುತ್ತೆ ಅಂತ ಮಂಡಿ ಕೆಳಗೆ ದಿಂಬು ಇಟ್ಟು ಮಲಗಲು ಬಿಡಬೇಡ, ಕಾಲು ಸೊಟ್ಟಗೇ ನಿಂತುಬಿಡುತ್ತೆ. ನಮ್ಮ ಹಳೇ ಮನೆ ಹೊಸ್ತಿಲು ಎತ್ತರ, ಅಲ್ಲೇ ನಾನು ಎರಡು ಸಲ ಎಡವಿದ್ದೆ. ಈಗಲೇ ನೋಡಿಕೋ.

ತೋಟದಮನೆ, ಗುಬ್ಬಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಊಟ ಆದಮೇಲೆ ಟವಲ್ ಇಟ್ಟು ಮಾಡಿಸಿದೆ. ಎಡಗಾಲಲ್ಲಿ ಮಾಂಸ ಕಲ್ಲಿನ ಹಾಗೆ ಗಟ್ಟಿಯಾಯಿತು, ಬಲಗಾಲಲ್ಲಿ ಸ್ವಲ್ಪ ಅಲ್ಲಾಡಿತು ಅಷ್ಟೆ. ಅಮ್ಮ ಕೈ ಅಲ್ಲೇ ಇಟ್ಟುಕೊಂಡು ಸುಮಾರು ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ತಾವೇ "ಗುರುವಾರ ಹೋಗೋಣ" ಅಂದರು. ಬಚ್ಚಲ ಬಾಗಿಲು ಅಳೆದೆ, 22 ಇಂಚು ಇದೆ. ಇದರಲ್ಲಿ ವಾಕರ್ ನೆಟ್ಟಗೆ ಹೋಗುತ್ತಾ?

ಫಿಸಿಯೋ, ತುಮಕೂರು:
ಕಷ್ಟ. ಬಾಗಿಲು, ಹೊಸ್ತಿಲು, ಮಂಚದ ಎತ್ತರ ಮೂರೂ ಬರೆದುಕೊಂಡು ಬನ್ನಿ. ವಾಕರ್ ಆಮೇಲೆ ತಗೊಳ್ಳಿ.