ಡಿಸ್ಕ್ ಜಾಸ್ತಿಯಾಯ್ತು, ಪೋರ್ಟ್ ಸಾಲ್ತಿಲ್ಲ: ಕಡಿಮೆ ಬೆಲೆಗೆ ಯಾವ ಕಾರ್ಡ್?

ದಾದರ್‌ನಿಂದ:
ನಮ್ಮದು ಮದುವೆ ಫೋಟೊ, ವಿಡಿಯೊ ಮಾಡುವ ಸಣ್ಣ ಸ್ಟುಡಿಯೊ. ಹಳೇ ಡೆಸ್ಕ್‌ಟಾಪ್‌ಗೆ ಟ್ರೂನ್ಯಾಸ್ (ಕಂಪ್ಯೂಟರನ್ನು ಫೈಲ್ ಸರ್ವರ್ ಮಾಡುವ ಸಾಫ್ಟ್‌ವೇರ್) ಹಾಕಿ ಸರ್ವರ್ ಮಾಡಿಕೊಂಡಿದ್ದೇವೆ. ಬೋರ್ಡ್‌ನ ನಾಲ್ಕೂ ಸಾಟಾ ಪೋರ್ಟ್ (ಡಿಸ್ಕ್ ಜೋಡಿಸುವ ಜಾಗ) ತುಂಬಿವೆ. ಇನ್ನೂ ನಾಲ್ಕು ಹಾರ್ಡ್ ಡಿಸ್ಕ್ ಹಾಕಬೇಕು. ಬಜೆಟ್ ಐದು ಸಾವಿರ. ಲ್ಯಾಮಿಂಗ್ಟನ್ ರೋಡಲ್ಲಿ ಒಬ್ಬ ಅಂಗಡಿಯವರು ರೇಡ್ ಕಾರ್ಡೇ (ಹಲವು ಡಿಸ್ಕ್ ಸೇರಿಸಿ ಒಂದಾಗಿ ತೋರಿಸುವ ಕಾರ್ಡ್) ಬೇಕು ಅಂದರು, ಪಕ್ಕದವರು ಯಾವುದೋ ಹತ್ತು ಪೋರ್ಟಿನ ಕಾರ್ಡ್ ಕೈಗಿಟ್ಟರು. ಬಳಸಿದವರು ಯಾರಾದರೂ ಇದ್ದರೆ ಹೇಳಿ.

ಥಾಣೆಯಿಂದ:
ರೇಡ್ ಕಾರ್ಡ್ ಬೇಡವೇ ಬೇಡ ಸರ್. ಟ್ರೂನ್ಯಾಸ್‌ನಲ್ಲಿ ಡಿಸ್ಕ್ ಕಾಯುವ ಕೆಲಸ ಅದರೊಳಗಿನ ಫೈಲ್ ಸಿಸ್ಟಮ್ ಝಡ್‌ಎಫ್‌ಎಸ್‌ನದು. ನಡುವೆ ರೇಡ್ ಕಾರ್ಡ್ ಕೂತರೆ ಯಾವ ಡಿಸ್ಕ್ ಹೇಗಿದೆ ಅಂತ ಅದಕ್ಕೆ ಸರಿಯಾಗಿ ಕಾಣೋದಿಲ್ಲ. ಮೇಲಾಗಿ ಕಾರ್ಡ್ ಸುಟ್ಟುಹೋದರೆ ಡೇಟಾ ಓದಲು ಅದೇ ಜಾತಿಯ ಇನ್ನೊಂದು ಕಾರ್ಡ್ ಹುಡುಕುತ್ತಾ ಅಲೆಯಬೇಕು.

ನಿಮಗೆ ಬೇಕಾಗಿರೋದು ಎಚ್‌ಬಿಎ. ಡಿಸ್ಕ್‌ಗಳನ್ನು ಇದ್ದ ಹಾಗೇ ಸಿಸ್ಟಮ್‌ಗೆ ಒಪ್ಪಿಸಿ ಸುಮ್ಮನಿರುವ ಕಾರ್ಡ್. ಕಂಪನಿಗಳು ಕಳಚಿ ಮಾರಿದ ಸರ್ವರ್‌ಗಳಿಂದ ಬಂದ ಎಲ್‌ಎಸ್‌ಐ 9211-8ಐ ನೋಡಿ. ಎಂಟು ಡಿಸ್ಕ್ ಹಿಡಿಯುತ್ತದೆ. ಐಬಿಎಂ ಎಂ1015, ಡೆಲ್ ಎಚ್200, ಎಚ್310 ಇವೆಲ್ಲದರಲ್ಲೂ ಇರುವುದು ಅದೇ ಎಸ್‌ಎಎಸ್2008 ಚಿಪ್. ಹೆಸರು ಮಾತ್ರ ಬೇರೆ.

ಕೊಳ್ಳುವಾಗ ಬೂಟ್ ಸ್ಕ್ರೀನಿನ ಫೋಟೊ ಕೇಳಿ. ಫರ್ಮ್‌ವೇರ್ (ಕಾರ್ಡಿನೊಳಗಿನ ಸಾಫ್ಟ್‌ವೇರ್) ನಂಬರ್ 20.00.07.00 ಇದ್ದು, ಕೊನೆಗೆ ಐಟಿ ಅಂತ ಇರಬೇಕು; ಡಿಸ್ಕ್ ಇದ್ದ ಹಾಗೇ ಒಪ್ಪಿಸುವ ಬಗೆ ಅದು. ಐಆರ್ ಅಂತಿದ್ದರೆ ಅದು ರೇಡ್ ಫರ್ಮ್‌ವೇರ್. ಬದಲಾಯಿಸಬಹುದು, ಆದರೆ ಮಾರುವವರಿಂದಲೇ ಮಾಡಿಸಿಕೊಳ್ಳಿ, ತಲೆನೋವು ತಪ್ಪುತ್ತದೆ. ಡೆಲ್ ಕಾರ್ಡ್ ಹಾಕಿದರೆ ಕೆಲವು ಡೆಸ್ಕ್‌ಟಾಪ್ ಬೋರ್ಡ್ ಆನ್ ಆಗೋದೇ ಇಲ್ಲ. ಆಗ ಕಾರ್ಡಿನ ಅಂಚಿನ ಬಿ5, ಬಿ6 ಪಿನ್‌ಗಳ ಮೇಲೆ ಸಣ್ಣ ತುಂಡು ಕ್ಯಾಪ್ಟಾನ್ ಟೇಪ್ (ಬಿಸಿ ತಡೆಯುವ, ಕರೆಂಟ್ ಹರಿಯದ ಟೇಪ್) ಅಂಟಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ನನ್ನ ಎಚ್310 ಈಗಲೂ ಹಾಗೇ ಓಡುತ್ತಿದೆ.

ಕೇಬಲ್ ಬೇರೆಯೇ ಕೊಳ್ಳಬೇಕು: ಎಸ್‌ಎಫ್‌ಎಫ್-8087ನಿಂದ (ಕಾರ್ಡಿನ ಮೇಲಿನ ಕನೆಕ್ಟರ್) ನಾಲ್ಕು ಸಾಟಾಕ್ಕೆ, ಫಾರ್ವರ್ಡ್ ಬ್ರೇಕ್‌ಔಟ್. ರಿವರ್ಸ್ ಅಂತ ಇನ್ನೊಂದು ಬರುತ್ತದೆ, ನೋಡಲು ತದ್ರೂಪ. ಹಾಕಿದರೆ ಒಂದು ಡಿಸ್ಕೂ ಕಾಣಿಸುವುದಿಲ್ಲ.

ಪುಣೆಯಿಂದ, ಹಡಪ್ಸರ್:
ಥಾಣೆಯವರು ಹೇಳಿದ್ದು ಸರಿ, ಬಿಸಿಯ ಮಾತು ಬಿಟ್ಟರು ನೋಡ್ರಿ. ಆ ಕಾರ್ಡ್‌ಗಳಿಗೆ ಸ್ವಂತ ಫ್ಯಾನ್ ಇಲ್ಲ. ಸರ್ವರ್ ಡಬ್ಬಿಯೊಳಗಿನ ಜೋರು ಗಾಳಿ ನಂಬಿ ಮಾಡಿದವು. ನಿಮ್ಮ ಡೆಸ್ಕ್‌ಟಾಪ್ ಕ್ಯಾಬಿನೆಟ್‌ನಲ್ಲಿ ಆ ಗಾಳಿ ಎಲ್ಲಿಂದ ಬರಬೇಕು? ಹೀಟ್‌ಸಿಂಕ್ ಮುಟ್ಟಿದರೆ ದೋಸೆ ಕಾವಲಿ. ಬಿಸಿ ಮಿತಿಮೀರಿದರೆ ಡಿಸ್ಕ್‌ಗಳು ಒಂದೊಂದಾಗಿ ಮಾಯವಾಗುತ್ತವೆ. ಜನ ಡಿಸ್ಕೇ ಕೆಟ್ಟಿತು ಅಂದುಕೊಂಡು ಹೊಸದು ತರುತ್ತಾರೆ, ಅದೂ ಮಾಯವಾಗುತ್ತದೆ! 40 ಮಿಲಿಮೀಟರಿನ ಫ್ಯಾನ್ ತಂದು ಕೇಬಲ್ ಟೈನಿಂದ ಹೀಟ್‌ಸಿಂಕ್ ಮೇಲೆ ಬಿಗಿಯಿರಿ. ಹಳೇ ಕಾರ್ಡ್ ಅಲ್ವಾ, ಹೀಟ್‌ಸಿಂಕ್ ಬಿಚ್ಚಿ ಒಣಗಿದ ಪೇಸ್ಟ್ ಕೆರೆದು ಹೊಸದು ಹಚ್ಚಿ. ಇಷ್ಟಕ್ಕೆ ಬೇಸರ ಅನ್ನುವವರು ಈ ಕಾರ್ಡಿನ ತಂಟೆಗೆ ಹೋಗಬಾರದು.

ಮಡಗಾಂವ್‌ನಿಂದ:
ನಾಲ್ಕೇ ಡಿಸ್ಕ್‌ಗೆ ಇಷ್ಟು ಗಲಾಟೆ ಯಾಕೆ ಅಂತ ನನ್ನ ಪ್ರಶ್ನೆ. ಎಎಸ್‌ಎಂ1166 ಚಿಪ್ ಇರುವ ಹೊಸ ಕಾರ್ಡ್ ತಗೊಳ್ಳಿ. ಆರು ಸಾಟಾ ಪೋರ್ಟ್, ಮಾಮೂಲಿ ಸಾಟಾ ಕೇಬಲ್, ಫರ್ಮ್‌ವೇರ್ ಬದಲಾಯಿಸುವ ರಗಳೆಯಿಲ್ಲ, ಹೆಚ್ಚು ಬಿಸಿಯೂ ಆಗೋದಿಲ್ಲ. ಹಳೇ ಎಚ್‌ಬಿಎ ಸುಮ್ನೆ ಕೂತರೂ ಹತ್ತು ವ್ಯಾಟ್‌ನ ಹತ್ತಿರ ತಿನ್ನುತ್ತದೆ. ಹಗಲೂ ರಾತ್ರಿ ಓಡಿದರೆ ತಿಂಗಳಿಗೆ ಏಳು ಯೂನಿಟ್ ಅದಕ್ಕೇ ಹೋಯಿತು.

ಆ ಹತ್ತು ಪೋರ್ಟಿನ ಕಾರ್ಡ್ ಮಾತ್ರ ಮುಟ್ಟಬೇಡಿ. ಅಂಥ ಅಗ್ಗದ ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿ ಒಂದು ಮುಖ್ಯ ಚಿಪ್, ಅದರ ಜೊತೆ ಜೆಎಂಬಿ575 ಅಂತ ಬರೆದ ಪುಟ್ಟ ಚಿಪ್‌ಗಳು ಇರುತ್ತವೆ. ಅವು ಪೋರ್ಟ್ ಮಲ್ಟಿಪ್ಲೈಯರ್. ಒಂದೇ ಸಾಟಾ ಲೈನನ್ನು ಐದು ಡಿಸ್ಕ್ ಹಂಚಿಕೊಳ್ಳಬೇಕು. ಒಂದು ಡಿಸ್ಕ್ ಹಟ ಹಿಡಿದರೆ ಉಳಿದ ನಾಲ್ಕೂ ಕೈಕೊಡಬಹುದು. ಝಡ್‌ಎಫ್‌ಎಸ್‌ಗೆ ಅದು ಸಲ್ಲದು.

ಇನ್ನೊಂದು ಮಾತು, ಕರಾವಳಿಯವರಿಗೆ. ಹಳೇ ಕಾರ್ಡ್ ತಂದರೆ ಚಿನ್ನದ ಬಣ್ಣದ ಕಾಂಟ್ಯಾಕ್ಟ್‌ಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿಯೇ ಹಾಕಿ. ಮಳೆಗಾಲದ ತೇವ ಸುಮ್ಮನೆ ಬಿಡೋದಿಲ್ಲ.

ದಾದರ್‌ನಿಂದ:
ಎಲ್ಲರಿಗೂ ಥ್ಯಾಂಕ್ಸ್. ಮುಂದಿನ ವರ್ಷ ಈ ಕಾರ್ಡಿಗೇ ಎಂಟು ಡಿಸ್ಕ್ ಆಗುವ ಅಂದಾಜಿದೆ, ಹಾಗಾಗಿ ಎಂ1015 ಕಡೆ ಮನಸ್ಸು. ಆದರೆ ಖಾಲಿ ಇರುವ ಉದ್ದ ಸ್ಲಾಟ್‌ನಲ್ಲಿ ನಾಲ್ಕೇ ಲೇನ್ (ಡೇಟಾ ಓಡುವ ದಾರಿ) ಅಂತ ಮ್ಯಾನುಯಲ್‌ನಲ್ಲಿದೆ. ಕಾರ್ಡ್ ಎಂಟು ಲೇನಿನದು. ನಡೆಯುತ್ತಾ?

ಥಾಣೆಯಿಂದ:
ಧಾರಾಳವಾಗಿ. ಆ ಕಾರ್ಡ್ ಪಿಸಿಐ ಎಕ್ಸ್‌ಪ್ರೆಸ್ 2.0. ಒಂದು ಲೇನ್‌ಗೆ ಸೆಕೆಂಡಿಗೆ 500 ಎಂಬಿ, ನಾಲ್ಕಕ್ಕೆ 2,000. ಒಂದು ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ಓಡೋದು 200ರ ಆಸುಪಾಸು. ಎಂಟೂ ಒಟ್ಟಿಗೆ ಓಡಿದರೂ ಸಾಲುತ್ತದೆ. ಎಸ್‌ಎಸ್‌ಡಿ ಮಾತ್ರ ಅದಕ್ಕೆ ಹಾಕಬೇಡಿ, ಬೋರ್ಡಿನ ಪೋರ್ಟಲ್ಲೇ ಇರಲಿ. ಹಾಗೇ ಮ್ಯಾನುಯಲ್‌ನಲ್ಲಿ ಇನ್ನೊಂದು ಸಾಲು ಹುಡುಕಿ: ಕೆಲವು ಬೋರ್ಡ್‌ಗಳಲ್ಲಿ ಎಂ.2 ಸ್ಲಾಟ್‌ಗೆ ಎಸ್‌ಎಸ್‌ಡಿ ಹಾಕಿದರೆ ಈ ಉದ್ದ ಸ್ಲಾಟ್ ಬಂದ್ ಆಗುತ್ತದೆ.