ಮಧ್ಯಾಹ್ನದ ಬ್ಯಾಚ್ ಮಾತ್ರ ಮೆತ್ತಗೆ ಬರುತ್ತಿದೆ, ಯಾಕೆ? (6061 ಅಲ್ಯೂಮಿನಿಯಂ)

ಬೈಕಂಪಾಡಿ ಫರ್ನೆಸ್:
ನಮಸ್ಕಾರ. ಬೈಕಂಪಾಡಿಯ ಸಣ್ಣ ಹೀಟ್ ಟ್ರೀಟ್‌ಮೆಂಟ್ ಶಾಪ್‌ನಲ್ಲಿ ಕೆಲಸ ನನ್ನದು. ಮೊದಲು ಬರೀ ಸ್ಟೀಲ್ ಮಾಡುತ್ತಿದ್ದೆವು, ಈಗ ಬೋಟಿಗೆ ಹಾಕುವ 6 ಎಂಎಂ ದಪ್ಪದ 6061 ಬ್ರಾಕೆಟ್ ಬರುತ್ತಿದೆ. 530 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ನೀರಿಗೆ ಇಳಿಸಿ, 175 ಡಿಗ್ರಿಯಲ್ಲಿ 8 ಗಂಟೆ ಏಜಿಂಗ್ (ಗಟ್ಟಿಯಾಗಲು ಹದ ಬಿಸಿಯಲ್ಲಿ ಇಡುವುದು). ಬೆಳಗ್ಗಿನ ಬ್ಯಾಚ್ ಗಟ್ಟಿತನದ ಅಳತೆಯಲ್ಲಿ ಬ್ರಿನೆಲ್ 95 ಕೊಡುತ್ತದೆ. ಮಧ್ಯಾಹ್ನದ್ದು 75 ದಾಟುವುದಿಲ್ಲ, ಅದರಲ್ಲೂ ಬುಟ್ಟಿಯ ನಡುವಿನ ಪೀಸ್‌ಗಳು. ಏಜಿಂಗ್ ಜಾಸ್ತಿ ಮಾಡಿದರೆ ಸರಿ ಹೋಗಬಹುದಾ?

ಹಳೇ ಆಪರೇಟರ್:
ಏಜಿಂಗ್ ಮುಟ್ಟಬೇಡಿ ಮಾರಾಯ್ರೇ, ತೊಟ್ಟಿಗೆ ಥರ್ಮಾಮೀಟರ್ ಹಾಕಿ. ಅಲ್ಯೂಮಿನಿಯಂ ಸ್ಟೀಲಿನ ಹಾಗಲ್ಲ, ನೀರಿಂದ ಎತ್ತಿದಾಗ ಮೆತ್ತಗೇ ಇರುತ್ತದೆ. 530ರಲ್ಲಿ ಅದಕ್ಕೆ ಬೆರೆಸಿರುವ ಮೆಗ್ನೀಷಿಯಂ, ಸಿಲಿಕಾನ್ ಒಳಗೆ ಕರಗಿರುತ್ತವೆ, ತಟ್ಟನೆ ತಣಿಸಿದರೆ ಹಾಗೇ ಸಿಕ್ಕಿಕೊಂಡು ಆಮೇಲೆ ಏಜಿಂಗ್‌ನಲ್ಲಿ ತೀರಾ ಸಣ್ಣ ಕಣಗಳಾಗಿ ಹೊರಬಂದು ಗಟ್ಟಿತನ ಕೊಡುತ್ತವೆ. 400ರಿಂದ 290 ಡಿಗ್ರಿ ಇಳಿಯುವಾಗ ತಡವಾಯಿತೋ, ಅಲ್ಲೇ ದಪ್ಪ ಕಣಗಳಾಗಿ ಕೂತುಬಿಡುತ್ತವೆ. ಆಮೇಲೆ ಎಷ್ಟು ಏಜಿಂಗ್ ಮಾಡಿದರೂ ಅಷ್ಟೇ. ನೀರು ಬಿಸಿಯಾದಷ್ಟೂ ಪೀಸಿನ ಸುತ್ತ ಆವಿಯ ಪದರ ಬಿಡದೆ ನಿಲ್ಲುತ್ತದೆ, ಅದರಿಂದ ತಣಿಯುವುದು ನಿಧಾನ. ಬಾಗಿಲು ತೆರೆದಲ್ಲಿಂದ ನೀರಿಗೆ ಮುಳುಗುವವರೆಗೆ ಎಷ್ಟು ಸೆಕೆಂಡ್ ಅಂತಲೂ ನೋಡಿ. 10 ಸೆಕೆಂಡ್ ಒಳಗೆ ಆಗಬೇಕು.

ಉಡುಪಿ ಎರಕ:
ನಮ್ಮಲ್ಲಿ ಎ356 ಅನ್ನುವ ಅಲ್ಯೂಮಿನಿಯಂ ಎರಕದ ಪೀಸ್‌ಗಳನ್ನು ಬೇಕಂತಲೇ 65 ಡಿಗ್ರಿ ನೀರಿಗೆ ಹಾಕುತ್ತೇವೆ, ತಣ್ಣೀರಲ್ಲಿ ಸೊಟ್ಟ ಆಗುತ್ತವೆ. ಬಿಸಿ ನೀರೇ ತಪ್ಪು ಅನ್ನಬೇಡಿ.

ಹಳೇ ಆಪರೇಟರ್:
ಎರಕಕ್ಕೆ ಸರಿ. ಇವರ ಬ್ರಾಕೆಟ್‌ಗೆ ತಣ್ಣೀರೇ ಬೇಕು. ಸೊಟ್ಟ ಆಗುವ ಭಯ ಇದ್ದರೆ ಅಡ್ಡ ಮಲಗಿಸದೆ ನೆಟ್ಟಗೆ ನಿಲ್ಲಿಸಿ ಮುಳುಗಿಸಿ, ಎತ್ತಿದ ಒಂದೆರಡು ಗಂಟೆಯೊಳಗೆ ತಟ್ಟಿ ನೇರ ಮಾಡಿ. ಆಗ ಸುಲಭವಾಗಿ ಬಗ್ಗುತ್ತದೆ.

ಬೈಕಂಪಾಡಿ ಫರ್ನೆಸ್:
ಅಣ್ಣ, ನೋಡಿದೆ. ಬೆಳಿಗ್ಗೆ ನೀರು 29 ಡಿಗ್ರಿ, ಮೂರನೇ ಬುಟ್ಟಿ ಹೊತ್ತಿಗೆ 58! ಟ್ರಾಲಿ ಚಕ್ರ ಹಳಿಯಲ್ಲಿ ಸಿಕ್ಕಿ 21 ಸೆಕೆಂಡ್ ಬೇರೆ ಹೋಗುತ್ತಿತ್ತು. ಚಕ್ರಕ್ಕೆ ಗ್ರೀಸ್ ಹಾಕಿ, ತೊಟ್ಟಿಗೆ ಪಂಪ್ ಕೂರಿಸಿ ನೀರು ತಿರುಗಿಸಿದೆವು, ಪೀಸ್‌ಗಳ ನಡುವೆ ಎರಡು ಬೆರಳು ಜಾಗ ಬಿಟ್ಟೆವು. ಇವತ್ತು ಮಧ್ಯಾಹ್ನದ ಬುಟ್ಟಿಯ ನಡುವಿನ ಪೀಸ್ 93. ಹಳೇ ಮೆತ್ತನೆ ಪೀಸ್‌ಗಳನ್ನು ಗುಜರಿಗೆ ಹಾಕಬೇಕಾ?

ಹಳೇ ಆಪರೇಟರ್:
ಬೇಡ ಬೇಡ. ಮತ್ತೆ 530ಕ್ಕೆ ಹಾಕಿ, ಮೊದಲಿಂದ ಮಾಡಿ. ಪೂರ್ತಿ ಬರುತ್ತದೆ.