ಭತ್ತದ ತೆನಿ ನೆಟ್ಟಗ ನಿಂತಾವ, ಕಾಳು ಜೊಳ್ಳು: ರೋಗನಾ, ನುಸಿನಾ?

ಸುರಪುರ ಕಾಲುವೆ ರೈತ:
ನಾರಾಯಣಪುರ ಎಡದಂಡೆ ಕಾಲುವೆ ನೀರಿಗೆ ಸೋನಾ ಮಸೂರಿ (ಬಿಪಿಟಿ 5204) ಹಚ್ಚೀನ್ರಿ. ತೆನಿ ಹೊರಗ ಬಂದಾವ, ಬಾಗವಲ್ಲವು. ಹಿಚುಕಿದ್ರ ಹಾಲಿಲ್ಲ. ಕೆಲವು ಕಾಳು ಗಿಳಿ ಕೊಕ್ಕಿನಂಗ ಸೊಟ್ಟ ಆಗ್ಯಾವ, ಮ್ಯಾಲೆ ಕಂದು ಚುಕ್ಕಿ. ಎಲೆಕವಚದ (ಕಾಂಡ ಸುತ್ತಿಕೊಂಡಿರೋ ಎಲೆ ಬುಡದ) ಮ್ಯಾಲೂ ಕಂದು ಪಟ್ಟಿ. ಅಂಗಡ್ಯಾಗ ಕಾಂಡ ಕೊರಕ ಅಂತ ಹೇಳಿ ಲ್ಯಾಂಬ್ಡಾ ಅನ್ನೋ ಕೀಟನಾಶಕ ಕೊಟ್ರು, ಹೊಡೆದ ಮ್ಯಾಲೆ ಇನ್ನೂ ಹೆಚ್ಚಾತು. ತಡವಾಗಿ ಹಚ್ಚಿದ ಪಕ್ಕದ ಮಡಿ ಇನ್ನೂ ಹೊಡಿಯಾಗ ಅದ, ಅಂದ್ರ ತೆನಿ ಕವಚದ ಒಳಗ ಅದ. ಅದನ್ನರ ಉಳಿಸಬೇಕ್ರಿ.

ಶಹಾಪುರದಿಂದ:
ತೆನಿ ಹಿಡಿದು ಎಳೀರಿ. ಕಾಂಡ ಕೊರಕ ಇದ್ರ ತೆನಿ ಪೂರ್ತಿ ಬೆಳ್ಳಗಾಗಿ ಸಲೀಸಾಗಿ ಕಿತ್ತು ಬರತದ.

ಸುರಪುರ ಕಾಲುವೆ ರೈತ:
ಎಳೆದೆ, ಬರಲಿಲ್ಲ. ಬೆಳ್ಳಗೂ ಇಲ್ಲ.

ಭೀಮರಾಯನಗುಡಿ ಕೃಷಿ ಪದವೀಧರ:
ಹಂಗಾದ್ರ ತೆನೆ ನುಸಿ ಇರಬೇಕಣ್ಣಾ. ಇದು ಗರಿ ಮ್ಯಾಲೆ ಬಿಳಿ ಚುಕ್ಕಿ ಮಾಡಿ ಬಲೆ ಕಟ್ಟೋ ಎಲೆ ನುಸಿ ಅಲ್ಲ, ಬ್ಯಾರೇನ. ಎಲೆಕವಚದ ಒಳಗ ಕುಂತು ರಸ ಹೀರತದ. ಉದ್ದ ಸುಮಾರು ಕಾಲು ಮಿಲಿಮೀಟರ್, ಬರಿಗಣ್ಣಿಗೆ ಸಿಗೂದಿಲ್ಲ. ಕವಚ ಬಿಡಿಸಿ ಅದರ ಒಳಮೈಯನ್ನ 20 ಪಟ್ಟು ದೊಡ್ಡದಾಗಿ ತೋರಿಸೋ ಭೂತಗನ್ನಡಿಯಿಂದ ನೋಡ್ರಿ, ಹೊಳಿಯೋ ಸಣ್ಣ ಸಣ್ಣ ಜೀವ ಹರಿದಾಡ್ತಿರತಾವ. ನುಸಿ ಮಾಡಿದ ಗಾಯದಾಗ ಎಲೆಕವಚ ಕೊಳೆಯ ಶಿಲೀಂಧ್ರ ಸೇರಕೋತದ, ಹಿಂಗಾಗಿ ರೋಗ ಅಂತನ ಕಾಣತದ.

ಲ್ಯಾಂಬ್ಡಾದಂಥ ಪೈರೆಥ್ರಾಯ್ಡ್ ಎಣ್ಣಿ ನುಸಿ ತಿನ್ನೋ ಒಳ್ಳೇ ಹುಳಗಳನ್ನ ಕೊಲ್ಲತದ, ನುಸಿ ಉಳಕೋತದ. ಅದಕ್ಕ ಹೆಚ್ಚಾಗಿದ್ದು. ಇನ್ನ ಅದನ್ನ ಮುಟ್ಟಬ್ಯಾಡ್ರಿ. ಬಿಸಿಲು ಜೋರಿದ್ದಾಗ ಈ ನುಸಿ ಭಾಳ ಬೇಗ ಹೆಚ್ಚತದ. ಕೂಡದಿದ್ರೂ ಹೆಣ್ಣು ತತ್ತಿ ಇಟ್ಟು ಗಂಡು ಹುಟ್ಟಸತದ, ಮುಂದ ಅವುಗಳ ಜೋಡಿನ ಕೂಡತದ. ಒಂದೇ ಹೆಣ್ಣಿನಿಂದ ಸಂತಾನ ಬೆಳೀತದ.

ತೆನಿ ಬಂದ ಮಡಿಗೆ ರೊಕ್ಕ ಹಾಕಬ್ಯಾಡ್ರಿ, ಜೊಳ್ಳಾದ ಕಾಳು ಮತ್ತ ತುಂಬೂದಿಲ್ಲ. ಹೊಡಿಯಾಗ ಇರೋ ಮಡಿಗೆ ಈಗಲೇ ಹೊಡೀರಿ: ಪ್ರೊಫೆನೋಫಾಸ್ 50 ಇಸಿ ಲೀಟರಿಗೆ 2 ಮಿಲಿ, ಇಲ್ಲಾ ಸ್ಪೈರೋಮೆಸಿಫೆನ್ 22.9 ಎಸ್‌ಸಿ 1 ಮಿಲಿ, ಎರಡರಾಗ ಒಂದು. ಕವಚ ಕೊಳೆತಿದ್ರ ಶಿಲೀಂಧ್ರನಾಶಕ ಪ್ರೊಪಿಕೊನಜೋಲ್ 25 ಇಸಿ 1 ಮಿಲಿ ಬೇಕಾಗತದ. ಹೊಡಿಯೂಕಿಂತ ಮೊದಲು ನಾಲ್ಕು ಗಿಡ ಬೇರು ಸಮೇತ ಕಿತ್ತು ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರಕ್ಕ ತೋರಿಸಿ ಖಾತ್ರಿ ಮಾಡಕೋರಿ. ಎಕರೆಗೆ 200 ಲೀಟರ್ ನೀರು ಬೇಕು. ಗರಿ ಮ್ಯಾಲೆ ಹಾರಿಸಿಕೋತ ಹೋದ್ರ ಏನೂ ಆಗೂದಿಲ್ಲ, ನಾಝಲ್ ಕೆಳಗ ಹಿಡಿದು ಕವಚ ತೋಯಿಸಬೇಕು. ಡೈಕೋಫಾಲ್ ಯಾರರ ಕೊಟ್ರ ತಗೋಬ್ಯಾಡ್ರಿ, ಅದು ನಿಷೇಧ ಆಗ್ಯದ.

ಸುರಪುರ ಕಾಲುವೆ ರೈತ:
ಆ ಮಡಿಗೆ ಯೂರಿಯಾ ಹಾಕೂದು ಬಾಕಿ ಅದ. ಹಾಕ್ಲೇನ್ರಿ?

ಭೀಮರಾಯನಗುಡಿ ಕೃಷಿ ಪದವೀಧರ:
ಬ್ಯಾಡ. ಸಾರಜನಕ ಹೆಚ್ಚಾದಷ್ಟು ಗಿಡ ಮೆತ್ತಗಾಗಿ ನುಸಿಗೆ ಅನುಕೂಲ.

ಶಹಾಪುರದಿಂದ:
ಕೊಯ್ಲಾದ ಮ್ಯಾಲೆ ಕೂಳೆ ಚಿಗುರಾಕ ಬಿಡಬ್ಯಾಡ್ರಿ, ಲಗೂನ ಹರಗಿಬಿಡ್ರಿ. ಬೇಸಿಗಿ ಭತ್ತ ಬರೂತನಕ ನುಸಿ ಅದರಾಗ, ಬದುವಿನ ಹುಲ್ಲಿನಾಗ ಉಳಕೋತದ. ಬೀಜಕ್ಕೂ ಈ ಕಾಳು ಎತ್ತಿಡಬ್ಯಾಡ್ರಿ, ಮೊಳಕಿ ಚಲೋ ಬರೂದಿಲ್ಲ.